ಕಾಣದ ದೀಪ

ನಮ್ಮ ಮನೆಯ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅವು ನಿಲ್ಲುತ್ತಿದ್ದ ಜಾಗದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹಳೆಯ ಕಾರೊಂದು ನಿಂತಿದೆ. 1984ರಲ್ಲಿ ನನ್ನ ಮಾವನವರು ಅಡಿಕೆ ಮಾರಿ ಬಂದ ಹಣದಲ್ಲಿ ಅದನ್ನು ಕೊಂಡರು. ಹೆಸರು ಬರೆಸಿ, ಮುಂಗಡ ಕಟ್ಟಿ, ವರ್ಷಗಟ್ಟಲೆ ಕಾದು ಕಾರು ಪಡೆಯಬೇಕಾಗಿದ್ದ ಕಾಲ ಅದು. ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ 1970ರ ದಶಕದಲ್ಲಿ ‘ಪದ್ಮಿನಿ’ ಎಂದು ನಾಮಕರಣವಾಯಿತು. ಆದರೆ ಮಾವನವರು ಕೊನೆಯವರೆಗೂ ಅದನ್ನು ‘ಫಿಯೆಟ್ಟು’ ಎಂದೇ ಕರೆದರು. ಅವರು ಕಾಲವಾದ ಮೇಲೆ ಮನೆ, ತೋಟ, ಕಾರು ಮೂರೂ ನಮ್ಮ ಪಾಲಿಗೆ ಬಂದವು. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಗಳಾಗಿ ದುಡಿದ ಇದರ ಬಂಧುಗಳೆಲ್ಲ 2023ರ ಅಕ್ಟೋಬರ್ ಕೊನೆಗೆ ನಿವೃತ್ತಿ ಹೊಂದಿದವು. ನಮ್ಮದು ಮಾತ್ರ ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳುತ್ತ, ನನ್ನಂತೆಯೇ ಕೀಲುಕೀಲಿಗೂ ಸದ್ದು ಮಾಡುತ್ತ, ಇನ್ನೂ ಓಡಾಡಿಕೊಂಡಿದೆ.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನಾನು ಕಾರಿನ ಹಿಂಬದಿಯ ದೀಪವನ್ನು ಕುರಿತು ಪ್ರಬಂಧ ಬರೆಯುವೆನೆಂದು ಎಂದೂ ಎಣಿಸಿರಲಿಲ್ಲ. ಷಟ್ಪದಿಯ ಪ್ರಸ್ತಾರ ಹಾಕೆಂದರೆ ಈಗಲೂ ಹಾಕಿಯೇನು. ಬಲ್ಬಿನ ಬಾಯಿಗೆ ಎಷ್ಟು ವೋಲ್ಟ್ ತಲಪುತ್ತದೆಂಬುದು ನನಗೆ ಬೇಡದ ವಿಷಯವಾಗಿತ್ತು. ಅದು ಬೇಕಾಗುವಂತೆ ಮಾಡಿದ್ದು 2022ರ ಕಾರ್ತಿಕ ಮಾಸದ ಒಂದು ಸಂಜೆ.

ತೀರ್ಥಹಳ್ಳಿಯಲ್ಲಿ ಕೆಲಸ ಮುಗಿಸಿ ಶಿವಮೊಗ್ಗದ ರಸ್ತೆಯಲ್ಲಿ ನಾನೊಬ್ಬನೇ ಮನೆಗೆ ಹಿಂತಿರುಗುತ್ತಿದ್ದೆ. ನಮ್ಮ ಊರಿಗೆ ಹೋಗುವ ಮಣ್ಣಿನ ದಾರಿ ಆ ರಸ್ತೆಯ ಬಲಕ್ಕೆ ಒಡೆಯುತ್ತದೆ. ಮಳೆಗಾಲ ಕಳೆದು ಆಕಾಶ ತೊಳೆದಿಟ್ಟ ಹಾಗಿತ್ತು. ಸೂರ್ಯ ನನ್ನ ಬೆನ್ನ ಹಿಂದೆ, ಮರಗಳ ತುದಿಯವರೆಗೆ ಇಳಿದಿದ್ದ. ದಾರಿ ಒಡೆಯುವ ಸ್ಥಳ ಇನ್ನೂ ಐವತ್ತು ಮಾರು ಇರುವಾಗಲೇ ನಾನು ಸೂಚನಾದೀಪದ, ಅಂದರೆ ನಾವೆಲ್ಲ ‘ಇಂಡಿಕೇಟರ್’ ಎನ್ನುವ ದೀಪದ, ಕಡ್ಡಿಯನ್ನು ಒತ್ತಿದೆ. ನನ್ನ ಕಣ್ಣೆದುರಿನ ಫಲಕದಲ್ಲಿ ಪುಟ್ಟ ಹಸಿರು ದೀಪ ಮಿನುಗತೊಡಗಿತು. ಟಿಕ್ ಟಿಕ್ ಎಂಬ ಸದ್ದೂ ಕೇಳಿಸಿತು. ಎದುರಿನಿಂದ ಬಂದ ಬಸ್ಸೊಂದು ಹಾದುಹೋಗುವವರೆಗೆ ತಡೆದು, ನಿಧಾನವಾಗಿ ಬಲಕ್ಕೆ ಹೊರಳಿದೆ. ಅದೇ ಕ್ಷಣದಲ್ಲಿ ಬಲಗಡೆಯಿಂದಲೇ ನನ್ನನ್ನು ದಾಟಲು ಬಂದ ಬೈಕೊಂದು ಮುಂದಿನ ಬಾಗಿಲಿಗೆ ಉಜ್ಜಿಕೊಂಡು ಹೋಗಿ ರಸ್ತೆಯ ಅಂಚಿನ ಚರಂಡಿಗೆ ಬಿದ್ದಿತು.

ಬಿದ್ದವನು ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ. ನಮ್ಮ ಪಕ್ಕದ ಊರಿನವನು. ಹೆಲ್ಮೆಟ್ ಧರಿಸಿದ್ದರಿಂದ ತಲೆ ಉಳಿದಿತ್ತು. ಬಲಗೈ ಮಾತ್ರ ಮಣಿಕಟ್ಟಿನ ಮೇಲೆ ವಿಚಿತ್ರವಾಗಿ ಬಾಗಿತ್ತು. ನಾನು ಓಡಿಹೋಗಿ ಅವನನ್ನು ಎತ್ತಿ ಕೂರಿಸಿದೆ. ಆಗ ನನ್ನ ಬಾಯಿಂದ ಬಂದ ಮೊದಲ ಮಾತನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. “ಪೆಟ್ಟಾಯಿತೆ?” ಎಂದು ನಾನು ಕೇಳಲಿಲ್ಲ. “ದೀಪ ಹಾಕಿದ್ದೆನಲ್ಲಪ್ಪಾ!” ಎಂದೆ.

ಹುಡುಗ ನೋವಿನಲ್ಲಿಯೂ ನನ್ನ ಮುಖ ನೋಡಿ, “ಕಾಣಲಿಲ್ಲ ಸಾರ್” ಎಂದ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದರು. ಆರು ವಾರ ಅಲುಗಿಸಬಾರದೆಂದರು. ಹುಡುಗನ ಪರೀಕ್ಷೆ ಹತ್ತಿರ ಬಂದಿತ್ತು. ಅವನ ತಂದೆ ಸಾಧುಮನುಷ್ಯ. “ಹುಡುಗರಿಗೆ ಅವಸರ ಹೆಚ್ಚು ಮೇಷ್ಟ್ರೇ, ನೀವು ಬೇಸರ ಮಾಡಿಕೊಳ್ಳಬೇಡಿ” ಎಂದು ನನ್ನನ್ನೇ ಸಮಾಧಾನಪಡಿಸಿದರು. ಊರಿನ ಹಿರಿಯರೂ ನನ್ನ ಪಕ್ಷವನ್ನೇ ವಹಿಸಿದರು. ಮೇಷ್ಟ್ರು ದೀಪ ಹಾಕಿದ್ದೆನೆಂದರೆ ಹಾಕಿರಲೇಬೇಕು, ಈಗಿನ ಕಾಲದ ಹುಡುಗರು ಕಣ್ಣು ಬಿಟ್ಟು ಬೈಕು ಓಡಿಸುತ್ತಾರೆಯೆ, ಎಂಬುದು ಪಂಚಾಯತಿ ಕಟ್ಟೆಯ ತೀರ್ಪು. ನಾನೂ ಆ ತೀರ್ಪನ್ನು ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ರಾತ್ರಿ ನಿದ್ರೆ ಬರಲಿಲ್ಲ. ಸುಳ್ಳು ಹೇಳುವ ಹುಡುಗರನ್ನು ನಾನು ಮೂರು ದಶಕ ನೋಡಿದ್ದೇನೆ. “ಕಾಣಲಿಲ್ಲ ಸಾರ್” ಎಂದವನ ಮುಖ ಅಂಥ ಮುಖವಾಗಿರಲಿಲ್ಲ.

ಮಾರನೆಯ ಸಂಜೆ ಅದೇ ಹೊತ್ತಿಗೆ ಕಾರನ್ನು ಅದೇ ದಾರಿಯ ಬಾಯಿಗೆ ಒಯ್ದು, ರಸ್ತೆಯ ಪಕ್ಕದಲ್ಲಿ ಅದೇ ದಿಕ್ಕಿಗೆ ಮುಖಮಾಡಿ ನಿಲ್ಲಿಸಿದೆ. ನನ್ನ ಹೆಂಡತಿಯನ್ನು ಒಳಗೆ ಕೂರಿಸಿ, “ನಾನು ಕೈ ಎತ್ತಿದಾಗ ಈ ಕಡ್ಡಿಯನ್ನು ಒತ್ತು” ಎಂದು ಹೇಳಿ, ಹಿಂದಕ್ಕೆ ಅರವತ್ತು ಹೆಜ್ಜೆ ನಡೆದು ತಿರುಗಿ ನಿಂತೆ. ಸೂರ್ಯ ನನ್ನ ಬೆನ್ನಿಗಿದ್ದ. ಕೈ ಎತ್ತಿದೆ. ಏನೂ ಆಗಲಿಲ್ಲ. ಮತ್ತೆ ಎತ್ತಿದೆ. ಆಗಲೂ ಇಲ್ಲ. ಅಷ್ಟರಲ್ಲಿ ಆಕೆ ಕಿಟಕಿಯಿಂದ ತಲೆ ಹೊರಹಾಕಿ, “ಎಷ್ಟು ಹೊತ್ತು ಒತ್ತಿಕೊಂಡಿರಲಿ? ಇಲ್ಲಿ ಆಗಿನಿಂದ ಟಿಕ್ ಟಿಕ್ ಎನ್ನುತ್ತಿದೆ” ಎಂದಳು.

ದೀಪ ಉರಿಯುತ್ತಿತ್ತು, ನನಗೆ ಕಾಣುತ್ತಿರಲಿಲ್ಲ. ಹತ್ತಿರ ಹೋದಂತೆ ಕಾರಣ ತಿಳಿಯಿತು. ಕೆಳಗಿಳಿದ ಸೂರ್ಯನ ಕಿರಣ ನೇರವಾಗಿ ದೀಪದ ಗಾಜಿನೊಳಕ್ಕೆ ಹೊಕ್ಕು, ಅದರ ಹಿಂದಿನ ಹೊಳಪಿನ ಬಟ್ಟಲಿಗೆ ತಾಗಿ ಹಿಂದಕ್ಕೆ ಬರುತ್ತಿತ್ತು. ಎಡದ ದೀಪ, ಬಲದ ದೀಪ ಎರಡೂ ಒಂದೇ ಸಮನೆ ಹೊಳೆಯುತ್ತಿದ್ದವು. ಒಳಗಿನ ಬಡಬಲ್ಬು ಆ ಹೊಳಪಿನ ನಡುವೆ ಹೊತ್ತಿದರೂ ಒಂದೇ, ಆರಿದರೂ ಒಂದೇ. ಬೀದಿಯ ಸಿಗ್ನಲ್ ಕಂಬಗಳಲ್ಲಿ ಪ್ರತಿಯೊಂದು ದೀಪದ ಮೇಲೂ ಟೋಪಿಯಂತೆ ಒಂದು ಮರೆಯಿರುವುದನ್ನು ನೀವು ನೋಡಿರಬಹುದು. ಅದು ಮಳೆಗಾಗಿ ಇರಿಸಿದ್ದೆಂದು ನಾನು ತಿಳಿದಿದ್ದೆ. ಬಿಸಿಲು ಒಳಹೊಕ್ಕು ಆರಿದ ದೀಪವೂ ಉರಿಯುವಂತೆ ಕಾಣಬಾರದೆಂಬುದೇ ಅದರ ಮುಖ್ಯ ಉದ್ದೇಶವೆಂದು ಆಮೇಲೆ ತಿಳಿಯಿತು.

ಮನೆಗೆ ಬರುವಾಗ ಹೆಂಡತಿ ಹೇಳಿದಳು: “ನೀವು ದೀಪ ಹಾಕಿದ್ದೂ ನಿಜ, ಅವನಿಗೆ ಕಾಣದೆ ಇದ್ದದ್ದೂ ನಿಜ.” ನಾನು ಉತ್ತರ ಕೊಡಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ಊರಿನ ಡಾಕ್ಟರರ ಬಳಿ ಮೋರಿಸ್ ಮೈನರ್ ಎಂಬ ಕಾರೊಂದಿತ್ತು. ಅದಕ್ಕೆ ಮಿನುಗುವ ದೀಪಗಳಿರಲಿಲ್ಲ, ಕೈಗಳಿದ್ದವು! ಎರಡು ಬಾಗಿಲುಗಳ ಹಿಂದಿನ ಕಂಬದ ಸಂದಿಯಲ್ಲಿ ಒಂದೊಂದು ಕಿರುಗೋಲು ಅಡಗಿರುತ್ತಿತ್ತು. ಡಾಕ್ಟರರು ಗುಂಡಿ ತಿರುಗಿಸಿದರೆ ವಿದ್ಯುದಯಸ್ಕಾಂತವೊಂದು ಆ ಕೋಲನ್ನು ಎತ್ತಿ ಅಡ್ಡಲಾಗಿ ನಿಲ್ಲಿಸುತ್ತಿತ್ತು. ಅದರ ಹೊಟ್ಟೆಯಲ್ಲಿ ಪುಟ್ಟ ಬಲ್ಬು ಉರಿಯುತ್ತಿತ್ತು. ಆ ಕೋಲು ಏಳುವುದನ್ನು ನೋಡಲೆಂದೇ ನಾವು ಆಸ್ಪತ್ರೆಯ ತಿರುವಿನಲ್ಲಿ ಕಾಯುತ್ತಿದ್ದೆವು. ಮಳೆಗಾಲದಲ್ಲಿ ಅದು ಸಂದಿಯೊಳಗೇ ಕಚ್ಚಿಕೊಂಡು ಮೇಲೇಳುತ್ತಿರಲಿಲ್ಲ. ಆಗ ಡಾಕ್ಟರರು ಕಂಬಕ್ಕೆ ಮುಷ್ಟಿಯಿಂದ ಒಂದು ಗುದ್ದು ಕೊಡುತ್ತಿದ್ದರು. ಅದಕ್ಕೂ ಏಳದಿದ್ದರೆ ತಮ್ಮ ಬಲಗೈಯನ್ನೇ ಕಿಟಕಿಯಿಂದ ಹೊರಚಾಚುತ್ತಿದ್ದರು. ಬಿಳಿಯ ಅಂಗಿಯ ಆ ತೋಳು ಎಷ್ಟು ದೂರಕ್ಕಾದರೂ ಕಾಣುತ್ತಿತ್ತು.

ಕೈಸನ್ನೆಗೂ ಒಂದು ವ್ಯಾಕರಣವುಂಟು. ಬಲಕ್ಕೆ ತಿರುಗುವುದಾದರೆ ಬಲಗೈಯನ್ನು ನೆಟ್ಟಗೆ ಹೊರಕ್ಕೆ ಚಾಚಬೇಕು. ಎಡಕ್ಕಾದರೆ ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಸಬೇಕು. ವೇಗ ತಗ್ಗಿಸುವುದಾದರೆ ಅಂಗೈಯನ್ನು ಕೆಳಮುಖವಾಗಿಸಿ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಇವನ್ನೆಲ್ಲ ಕಲಿತೇ ನಾನು ಲೈಸೆನ್ಸು ಪಡೆದದ್ದು. ಪಡೆದ ಮೇಲೆ, ಎಲ್ಲರಂತೆ, ಮರೆತದ್ದು. ಬೆರಳ ತುದಿಯಲ್ಲಿ ಕಡ್ಡಿಯಿರುವಾಗ ತೋಳನ್ನು ದಣಿಸುವವರು ಯಾರು?

ಆ ರಾತ್ರಿಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಕಾರಲ್ಲ, ಒಂದು ತರಗತಿ. ನಾನು ಕೆಲಸಕ್ಕೆ ಸೇರಿದ ಹೊಸತು. ನನ್ನ ಅಕ್ಷರ ದುಂಡಗೆ, ಅಂದವಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಕಪ್ಪುಹಲಗೆ ಮಾತ್ರ ವರ್ಷಗಳ ಸೀಮೆಸುಣ್ಣದ ಧೂಳು ಹಿಡಿದು ಬೂದಿಬಣ್ಣಕ್ಕೆ ತಿರುಗಿತ್ತು. ಬರೆದಾದ ಮೇಲೆ ತಿರುಗಿ, “ಎಲ್ಲರಿಗೂ ಕಾಣುತ್ತದೆಯೆ?” ಎಂದು ಕೇಳುತ್ತಿದ್ದೆ. “ಕಾಣುತ್ತದೆ ಸಾರ್!” ಎಂದು ತರಗತಿ ಒಕ್ಕೊರಲಿನಿಂದ ಕೂಗುತ್ತಿತ್ತು. ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಅವಳ ಪುಸ್ತಕದಲ್ಲಿ ತಪ್ಪುಗಳು ತುಂಬಿರುತ್ತಿದ್ದವು. ‘ಭಾರ’ ಎಂದು ನಾನು ಬರೆದಿದ್ದರೆ ಅವಳಲ್ಲಿ ‘ಬಾರ’ ಇರುತ್ತಿತ್ತು. ಅಜಾಗ್ರತೆಯೆಂದು ಗದರಿದೆ, ಕೆಲವೊಮ್ಮೆ ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ವರ್ಷದ ಕೊನೆಗೆ ಶಾಲೆಗೆ ಕಣ್ಣಿನ ವೈದ್ಯರು ಬಂದು ತಪಾಸಣೆ ಮಾಡಿದಾಗ, ಆ ಹುಡುಗಿಗೆ ಹಲಗೆಯ ಮೇಲಿನ ಅಕ್ಷರಗಳು ಬರಿಯ ಬಿಳಿಯ ಮೋಡದಂತೆ ಕಾಣುತ್ತಿದ್ದವೆಂದು ಗೊತ್ತಾಯಿತು. “ಮತ್ತೆ ಕಾಣುತ್ತದೆ ಎಂದು ಯಾಕೆ ಕೂಗುತ್ತಿದ್ದೆ?” ಎಂದು ಕೇಳಿದೆ. “ಎಲ್ಲರೂ ಕೂಗುತ್ತಿದ್ದರಲ್ಲ ಸಾರ್” ಎಂದಳು.

ಮರುದಿನವೇ ಹುಡುಗರು ಟಾರ್ಚಿನ ಹಳೆಯ ಸೆಲ್ಲುಗಳನ್ನು ಒಡೆದು, ಒಳಗಿನ ಕಪ್ಪನ್ನು ಸೊಪ್ಪಿನ ರಸದಲ್ಲಿ ಅರೆದು ಹಲಗೆಗೆ ಬಳಿದರು. ನನ್ನ ಅಕ್ಷರ ಅದೇ, ಸೀಮೆಸುಣ್ಣವೂ ಅದೇ. ಆದರೆ ಆ ಕಪ್ಪಿನ ಮೇಲೆ ಅಕ್ಷರಗಳು ಎದ್ದು ನಿಂತವು. ಹುಡುಗಿಗೆ ಕನ್ನಡಕವೂ ಬಂದಿತು. ಮೊದಲ ಬೆಂಚೂ ಸಿಕ್ಕಿತು. ಕಳೆದುಹೋದ ವರ್ಷವೊಂದನ್ನು ಮಾತ್ರ ನಾನು ಅವಳಿಗೆ ಹಿಂತಿರುಗಿಸಲಾರದೆ ಹೋದೆ.

ಕಾರಿನ ವಿಷಯದಲ್ಲಿ ಮತ್ತೆ ಅಂಥ ವಿಳಂಬವಾಗಬಾರದೆಂದು ತೀರ್ಥಹಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುವ ಸಾಹೇಬರ ಬಳಿಗೆ ಹೋದೆ. ಸಾಹೇಬರಿಗೆ ನನ್ನಷ್ಟೇ ವಯಸ್ಸು. ಮಾತು ಕಡಿಮೆ, ಆಡಿದರೆ ತೂಕದ ಮಾತು. “ಹೆಚ್ಚು ಬೆಳಕಿನ ಬಲ್ಬು ಹಾಕಿಬಿಡಿ” ಎಂದು ನಾನು ಹೇಳಿದಾಗ ಅವರು ತಲೆಯಾಡಿಸಿ, “ಇರುವ ಬಲ್ಬಿಗೆ ಮೊದಲು ಹೊಟ್ಟೆ ತುಂಬ ಊಟ ಸಿಗುತ್ತದೆಯೋ ನೋಡೋಣ ಮೇಷ್ಟ್ರೇ” ಎಂದು ಮಲ್ಟಿಮೀಟರನ್ನು ಹೊರತೆಗೆದರು. ಬ್ಯಾಟರಿಯ ಬಳಿ 12.4 ವೋಲ್ಟ್ ಇತ್ತು. ಅದೇ ವಿದ್ಯುತ್ತು ಹಿಂದಿನ ದೀಪವನ್ನು ತಲಪುವ ಹೊತ್ತಿಗೆ 10.6ಕ್ಕೆ ಇಳಿದಿತ್ತು. “ಬರಿಯ ಎರಡು ವೋಲ್ಟಿನಷ್ಟು ಕಡಿಮೆಯಲ್ಲವೆ?” ಎಂದೆ. ಸಾಹೇಬರು ನಕ್ಕರು.

ಆ ನಗುವಿನ ಅರ್ಥ ನನಗೆ ತಿಳಿದದ್ದು ನಿವೃತ್ತರಾದ ವಿಜ್ಞಾನದ ಮೇಷ್ಟ್ರೊಬ್ಬರನ್ನು ವಿಚಾರಿಸಿದಾಗ. ತಂತಿ ಕಾದು ಬೆಳಗುವ ಬಲ್ಬಿನಲ್ಲಿ ವೋಲ್ಟೇಜು ಇಳಿದಷ್ಟೇ ಪ್ರಮಾಣದಲ್ಲಿ ಬೆಳಕು ಇಳಿಯುವುದಿಲ್ಲ. ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ವೋಲ್ಟೇಜು ಶೇಕಡ 10ರಷ್ಟು ತಗ್ಗಿದರೆ ಬೆಳಕು ಸುಮಾರು ಶೇಕಡ 30ರಷ್ಟು ತಗ್ಗುತ್ತದೆ. ನಮ್ಮ ಕಾರಿನ ಲೆಕ್ಕ ಹಾಕಿದರೆ ಐದು ಪಾಲು ಬೆಳಕಿನಲ್ಲಿ ಎರಡು ಪಾಲು ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಬಲ್ಬಿನ ಮೇಲೆ 21 ವ್ಯಾಟ್ ಎಂದು ಬರೆದಿತ್ತು. ಬರೆದದ್ದಕ್ಕೂ ಉರಿದದ್ದಕ್ಕೂ ಸಂಬಂಧವೇ ಇರಲಿಲ್ಲ.

ಸೋರಿಕೆ ಎಲ್ಲಿ? ನಾನು ತಂತಿಯಲ್ಲಿ ಎಂದುಕೊಂಡಿದ್ದೆ. ಸಾಹೇಬರು ತೋರಿಸಿದ್ದು ತುಕ್ಕನ್ನು. ಕಾರಿನ ದೀಪಗಳಿಗೆ ಬ್ಯಾಟರಿಯಿಂದ ಹೋಗುವ ತಂತಿ ಒಂದೇ. ವಿದ್ಯುತ್ತು ಹಿಂದಿರುಗುವ ದಾರಿ ಕಾರಿನ ಕಬ್ಬಿಣದ ಮೈಯೇ. ಇದನ್ನು ಅವರು ‘ಅರ್ತ್’ ಎನ್ನುತ್ತಾರೆ. ದೀಪದ ಬುಡವು ಕಾರಿನ ಮೈಗೆ ತಾಗುವ ತಿರುಪಿನ ಬಳಿ ಮಲೆನಾಡಿನ ಮೂವತ್ತೆಂಟು ಮಳೆಗಾಲಗಳು ಕೂಡಿಟ್ಟ ತುಕ್ಕು ಬೆರಳುದ್ದ ಇತ್ತು. “ಕರೆಂಟಿಗೆ ಹೋಗುವ ದಾರಿ ಎಲ್ಲರೂ ನೋಡುತ್ತಾರೆ, ಬರುವ ದಾರಿ ಯಾರೂ ನೋಡುವುದಿಲ್ಲ” ಎನ್ನುತ್ತ ಅವರು ಉಪ್ಪುಕಾಗದದಿಂದ ಆ ಜಾಗವನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದರು. ಪ್ರತಿಯೊಂದು ದೀಪದ ಬುಡದಿಂದಲೂ ಒಂದು ಹೊಸ ಕಪ್ಪುತಂತಿಯನ್ನು ಎಳೆದು ಕಾರಿನ ಗಟ್ಟಿಯಾದ ಭಾಗಕ್ಕೆ ಬಿಗಿದರು. ಕೀಲೆಣ್ಣೆ ಮೆತ್ತಿ ಮುಚ್ಚಿದರು. ಆಮೇಲೆ ಮೀಟರನ್ನು ಇಟ್ಟರೆ ಬಲ್ಬಿನ ಬಾಯಲ್ಲಿ 12 ವೋಲ್ಟ್! ಒಂದು ಕಾಸಿನ ಹೊಸ ದೀಪವನ್ನೂ ಕೊಳ್ಳದೆ ಬೆಳಕು ಹೆಚ್ಚಿತ್ತು.

ಇನ್ನು ಗಾಜು. ಗಾಜೆಂದು ನಾವು ಕರೆಯುವುದು ವಾಸ್ತವವಾಗಿ ಬಣ್ಣದ ಪ್ಲಾಸ್ಟಿಕ್ಕು. ಬಿಸಿಲಿಗೆ ಅದರ ಕಿತ್ತಳೆ ಬಣ್ಣ ಮಾಸಿ, ಮೈಯೆಲ್ಲ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಒಳಗಡೆ ಧೂಳು, ಒಣಗಿದ ಜೇಡನ ಬಲೆ, ಒಂದು ಸತ್ತ ಕಣಜ. ಬೆಳಕನ್ನು ಹಿಂದಕ್ಕೆ ಎಸೆಯಬೇಕಾದ ಬಟ್ಟಲು ಕಪ್ಪಾಗಿತ್ತು. ಬಟ್ಟಲಿಗೆ ಬೆಳ್ಳಿಯ ಬಣ್ಣ ಬಳಿಸಿದೆ. ಹೊಸ ಗಾಜುಗಳಿಗಾಗಿ ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳನ್ನು ಒಂದು ಇಡೀ ದಿನ ಅಲೆದೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಅಲಭ್ಯ ಗ್ರಂಥವನ್ನು ಹುಡುಕುವ ಸುಖಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೊನೆಗೆ ಒಬ್ಬ ವೃದ್ಧ ವ್ಯಾಪಾರಿ ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿ, “ಇದನ್ನು ಕೇಳಿಕೊಂಡು ಬರುವವರು ಇನ್ನೂ ಇದ್ದಾರೆಯೆ?” ಎಂದು ನನ್ನನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ನೋಡಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಾಗಿತ್ತು. ಆದರೆ ಅದೇ ಬೀದಿಯಲ್ಲಿ ಕಣ್ಣು ಕೋರೈಸುವ ಬಿಳಿಯ ಎಲ್‌ಇಡಿ ಬಲ್ಬುಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದರು. ಸಾಹೇಬರಿಗೆ ಹೇಳದೆ ನಾಲ್ಕನ್ನು ಕೊಂಡುತಂದು ನಾನೇ ಹಾಕಿದೆ. ಆಗ ನಡೆದದ್ದು ಪ್ರಹಸನ. ಕಡ್ಡಿ ಒತ್ತಿದರೆ ದೀಪ ಮಿನುಗಲಿಲ್ಲ; ಒಂದೇ ಸಮನೆ ಉರಿಯಿತು. ಕಿತ್ತಳೆ ಗಾಜಿನ ಹಿಂದೆ ಅದರ ಬೆಳಕು ನಿಂಬೆಹಣ್ಣಿನಂತೆ ಪೇಲವವಾಗಿ ಕಂಡಿತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೂ ಮಾಯ.

ಸಾಹೇಬರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಒಂದೊಂದಾಗಿ ವಿವರಿಸಿದರು. ಹಳೆಯ ಕಾರಿನಲ್ಲಿ ದೀಪವನ್ನು ಮಿನುಗಿಸುವ ಪುಟ್ಟ ಡಬ್ಬಿಯುಂಟು. ಅದಕ್ಕೆ ಫ್ಲ್ಯಾಷರ್ ಎಂದು ಹೆಸರು. ಅದರ ಮೂಲಕ ಹರಿಯುವ ವಿದ್ಯುತ್ತು ಒಳಗಿನ ಲೋಹವನ್ನು ಕಾಯಿಸುತ್ತದೆ. ಕಾಯುವುದರಿಂದಲೂ ತಣಿಯುವುದರಿಂದಲೂ ಆ ಲೋಹ ಸಂಪರ್ಕವನ್ನು ಕೂಡಿಸುತ್ತ ಬಿಡಿಸುತ್ತ ಇರುತ್ತದೆ. ಎಲ್‌ಇಡಿ ಮಿತಾಹಾರಿ. ಅದು ಎಳೆದುಕೊಳ್ಳುವ ಅಲ್ಪ ವಿದ್ಯುತ್ತಿಗೆ ಆ ಲೋಹ ಕಾಯುವುದೇ ಇಲ್ಲ. ಅದಕ್ಕೆ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಬೇಕು. ಕಿತ್ತಳೆಯ ಗಾಜಿನ ಹಿಂದೆ ಕಿತ್ತಳೆಯದೇ, ಕೆಂಪಿನ ಹಿಂದೆ ಕೆಂಪಿನದೇ ಎಲ್‌ಇಡಿ ಹಾಕಬೇಕು. ಬಿಳಿಯದನ್ನು ಹಾಕಿದರೆ ಅದರ ಬೆಳಕಿನ ಬಹುಪಾಲನ್ನು ಗಾಜೇ ನುಂಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಟ್ಟಲಿನ ಆಕಾರವನ್ನು ಮಾಡಿದವನು ಬಲ್ಬಿನ ತಂತಿ ಎಲ್ಲಿರುತ್ತದೆಂದು ಲೆಕ್ಕಹಾಕಿ ಮಾಡಿದ್ದಾನೆ. ಸುತ್ತಲೂ ಬೆಳಕು ಚೆಲ್ಲದ ಬಲ್ಬನ್ನು ಅಲ್ಲಿಟ್ಟರೆ ಬಟ್ಟಲು ವ್ಯರ್ಥ. ಇಷ್ಟು ಹೇಳಿ ಅವರು ತಂತಿಯ ಬಲ್ಬುಗಳನ್ನೇ ಸೂಚನಾದೀಪಕ್ಕೆ ಮರಳಿ ಹಾಕಿದರು. ಆ ನಾಲ್ಕು ಬಿಳಿಯ ಬಲ್ಬುಗಳು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿವೆ.

ಆದರೂ ಮೂಲ ಸಮಸ್ಯೆ ಉಳಿದಿತ್ತು. ಮುಸ್ಸಂಜೆಯಲ್ಲಿ, ಮಳೆಯಲ್ಲಿ, ರಾತ್ರಿಯಲ್ಲಿ ದೀಪ ಈಗ ಚೆನ್ನಾಗಿ ಕಾಣುತ್ತಿತ್ತು. ನೇರ ಬಿಸಿಲು ಬಿದ್ದಾಗ ಮಾತ್ರ ಅರೆಮನಸ್ಸಿನಿಂದ ಕಾಣುತ್ತಿತ್ತು. ಸೂರ್ಯನೊಡನೆ ಸ್ಪರ್ಧಿಸಲು 21 ವ್ಯಾಟಿನ ಬಲ್ಬಿಗೆ ಸಾಧ್ಯವೆ? ಆಗ ನನಗೆ ಆ ಕಪ್ಪುಹಲಗೆ ನೆನಪಾಯಿತು. ಸೀಮೆಸುಣ್ಣವನ್ನು ಬದಲಿಸಿರಲಿಲ್ಲ, ಹಲಗೆಯನ್ನು ಕಪ್ಪುಮಾಡಿದ್ದೆವು. ಕಾರಿನಲ್ಲಿ ಬಿಸಿಲು ತಾಗದ ಕಪ್ಪುಜಾಗ ಯಾವುದು? ಹಿಂಬದಿಯ ಗಾಜಿನ ಒಳಗೆ, ಚಾವಣಿಯ ನೆರಳು. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಕಿತ್ತಳೆ ಬಣ್ಣದ ಚಿಕ್ಕ ಎಲ್‌ಇಡಿ ದೀಪವನ್ನೂ, ನಡುವೆ ಬ್ರೇಕಿಗಾಗಿ ಒಂದು ಕೆಂಪು ದೀಪವನ್ನೂ ಕೂರಿಸಿದರೆ ಹೇಗೆ ಎಂದು ಸಾಹೇಬರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡು, “ಮೇಷ್ಟ್ರು ಈಗ ದಾರಿಗೆ ಬಂದರು” ಎಂದರು.

ನಡುವಿನ ಕೆಂಪು ದೀಪ ನನ್ನ ಕಲ್ಪನೆಯಲ್ಲ. ಅದಕ್ಕೊಂದು ಚರಿತ್ರೆಯಿದೆ. 1974ರಲ್ಲಿ ಅಮೆರಿಕದ ಜಾನ್ ವೊಯೆವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್‌ಫ್ರಾನ್ಸಿಸ್ಕೋ ನಗರದ 343 ಟ್ಯಾಕ್ಸಿಗಳ ಹಿಂಬದಿಯ ಗಾಜಿನ ಕೆಳಗೆ ಮೂರನೆಯ ಬ್ರೇಕ್ ದೀಪವನ್ನು ಅಳವಡಿಸಿದರು. ಹೋಲಿಕೆಗಾಗಿ 160 ಟ್ಯಾಕ್ಸಿಗಳನ್ನು ಇದ್ದಂತೆಯೇ ಬಿಟ್ಟರು. ಹತ್ತು ತಿಂಗಳ ಬಳಿಕ ನೋಡಿದರೆ, ಮೂರನೆಯ ದೀಪವಿದ್ದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದಿದ ಪ್ರಸಂಗಗಳು ಶೇಕಡ 60ರಷ್ಟು ಕಡಿಮೆಯಿದ್ದವು. 1986ರ ಮಾದರಿಯಿಂದ ಆ ದೇಶದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾಯಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಸೊಗಸಾಗಿತ್ತು. ಎಲ್ಲ ಕಾರುಗಳಿಗೂ ಅದೇ ದೀಪ ಬಂದು ಜನರ ಕಣ್ಣಿಗೆ ರೂಢಿಯಾದ ಮೇಲೆ ಲಾಭ ಶೇಕಡ 4ರ ಆಸುಪಾಸಿಗೆ ಇಳಿಯಿತೆಂದು 1998ರಲ್ಲಿ ಅಲ್ಲಿನ ಸರ್ಕಾರಿ ಅಧ್ಯಯನವೇ ಹೇಳಿತು. ಇಡೀ ದೇಶದಲ್ಲಿ ಹಿಂದಿನಿಂದ ಗುದ್ದುವ ಅಪಘಾತಗಳಲ್ಲಿ ನೂರಕ್ಕೆ ನಾಲ್ಕು ಎಂಬುದೂ ಅಲ್ಪಸಂಖ್ಯೆಯೇನಲ್ಲ. ಅದಕ್ಕಾಗಿಯೇ ನಿಯಮ ಹಾಗೆಯೇ ಉಳಿದಿದೆ.

ಬ್ರೇಕಿಗೆ ಎಲ್‌ಇಡಿಯನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ತಂತಿಯ ಬಲ್ಬು ಕಾದು ಪೂರ್ಣವಾಗಿ ಬೆಳಗಲು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ; ಎಲ್‌ಇಡಿ ಒತ್ತಿದ ಕ್ಷಣವೇ ಹೊತ್ತುತ್ತದೆ. ಅಷ್ಟರಿಂದ ಏನಾದೀತು ಎನ್ನಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟರಲ್ಲಿ ಮೂರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ನಮ್ಮ ಕಾರಿನ ಉದ್ದ ನಾಲ್ಕು ಮೀಟರಿಗೂ ಕಡಿಮೆ.

ಸಾಹೇಬರು ಇಷ್ಟನ್ನೂ ಮಾಡಿ, ಎಲ್‌ಇಡಿ ದೀಪಗಳು ಹಿಂದಿನವರ ಕಣ್ಣು ಚುಚ್ಚದಂತೆ ಅವುಗಳ ಮುಂದೆ ತೆಳುವಾದ ಮಂಜುಗಾಜಿನ ಪಟ್ಟಿ ಅಂಟಿಸಿದರು. ಹೆಚ್ಚು ಬೆಳಕೆಂದರೆ ಹೆಚ್ಚು ಒಳ್ಳೆಯದೆಂದು ತಿಳಿದವರು ಹೆದ್ದಾರಿಯಲ್ಲಿ ಈಗ ಬಹಳ ಮಂದಿ ಇದ್ದಾರೆ. ಹಿಂಬದಿಯಲ್ಲಿ ಬಿಳಿಯ ದೀಪ, ನೀಲಿಯ ದೀಪ, ಮದುವೆಯ ಮಂಟಪದಂತೆ ಓಡುವ ದೀಪ! ಕಾಯಿದೆ ಇದನ್ನು ಒಪ್ಪುವುದಿಲ್ಲ. ಸೂಚನಾದೀಪ ಕಿತ್ತಳೆಯದಾಗಿರಬೇಕು, ನಿಮಿಷಕ್ಕೆ 60ರಿಂದ 120 ಸಲದೊಳಗೆ ಮಿನುಗಬೇಕು. ಎಲ್ಲರೂ ಒಂದೇ ಲಿಪಿಯಲ್ಲಿ ಬರೆದರೆ ತಾನೆ ಎಲ್ಲರೂ ಓದಬಲ್ಲರು?

ಲಿಪಿ ಒಂದೇ ಆದರೂ ಅರ್ಥ ಕೆಡುವುದುಂಟು. ನಮ್ಮ ರಸ್ತೆಗಳಲ್ಲಿ ಮುಂದಿನ ಲಾರಿ ಬಲದ ಸೂಚನಾದೀಪವನ್ನು ಹಾಕಿತೆಂದರೆ ಅದು ಬಲಕ್ಕೆ ತಿರುಗುತ್ತದೆಯೋ, “ಎದುರಿಗೆ ಯಾರೂ ಇಲ್ಲ, ನೀನು ನನ್ನನ್ನು ದಾಟಿ ಹೋಗು” ಎಂದು ಅನುಮತಿ ಕೊಡುತ್ತಿದೆಯೋ ಬಲ್ಲವರಾರು? ಈ ಎರಡನೆಯ ಅರ್ಥ ಯಾವ ನಿಯಮದ ಪುಸ್ತಕದಲ್ಲಿಯೂ ಇಲ್ಲ, ಚಾಲಕರೇ ರೂಢಿಸಿಕೊಂಡದ್ದು. ಮೊದಲನೆಯ ಅರ್ಥದಲ್ಲಿ ಆಡಿದ್ದನ್ನು ಎರಡನೆಯ ಅರ್ಥದಲ್ಲಿ ಕೇಳಿಸಿಕೊಂಡವನ ಗತಿ ಏನು? ಹೊಸ ಕಾರಿನವರು ಇನ್ನೊಂದು ಕಂಡುಹಿಡಿದಿದ್ದಾರೆ: ನಾಲ್ಕು ದಾರಿ ಕೂಡುವಲ್ಲಿ ನೇರವಾಗಿ ಹೋಗುವುದಾದರೆ ನಾಲ್ಕೂ ಸೂಚನಾದೀಪಗಳನ್ನು ಮಿನುಗಿಸುತ್ತಾರೆ. ಪಕ್ಕದ ದಾರಿಯಿಂದ ಬರುವವನಿಗೆ ಕಾಣುವುದು ಒಂದೇ ಬದಿಯ ದೀಪ. ಆ ಕಾರು ತನ್ನ ಕಡೆಗೇ ತಿರುಗುತ್ತದೆಂದು ಅವನು ತಿಳಿಯುತ್ತಾನೆ. ಆ ನಾಲ್ಕು ದೀಪಗಳು ಇರುವುದು ಕಾರು ಕೆಟ್ಟು ರಸ್ತೆಯಲ್ಲಿ ನಿಂತಾಗ ಎಚ್ಚರಿಸಲು. ಇಂಥ ಅಪಾರ್ಥಗಳನ್ನು ಯಾವ ಸಾಹೇಬರೂ ತಂತಿ ಎಳೆದು ಸರಿಪಡಿಸಲಾರರು. ನಾನಂತೂ ಬಲಕ್ಕೆ ತಿರುಗುವಾಗ ದೀಪ ಹಾಕಿ, ಕನ್ನಡಿ ನೋಡಿ, ಡಾಕ್ಟರರ ಹಾಗೆ ಬಲತೋಳನ್ನೂ ಹೊರಗೆ ಚಾಚುವುದನ್ನು ಮತ್ತೆ ಆರಂಭಿಸಿದ್ದೇನೆ. ನೋಡಿದ ಹುಡುಗರು ನಗುತ್ತಾರೆ. ನಗುವವರಿಗೆ ಕೈ ಕಂಡಿದೆಯೆಂದಾಯಿತು.

ಪ್ಲಾಸ್ಟರ್ ಬಿಚ್ಚುವವರೆಗೆ ನಾನು ದಿನ ಬಿಟ್ಟು ದಿನ ಆ ಹುಡುಗನ ಮನೆಗೆ ಹೋಗಿ, ಅವನು ಹೇಳಿದ್ದನ್ನು ಅವನ ಪುಸ್ತಕದಲ್ಲಿ ಬರೆದುಕೊಡುತ್ತಿದ್ದೆ. ವಾಣಿಜ್ಯಶಾಸ್ತ್ರದ ಆ ಲೆಕ್ಕಗಳು ನನಗೆ ಅರ್ಥವಾಗಲಿಲ್ಲ. ನನ್ನ ಅಕ್ಷರ ಅಂದವಾಗಿದೆಯೆಂದು ಮಾತ್ರ ಅವನೂ ಒಪ್ಪಿಕೊಂಡ. ಸಾಹೇಬರ ಕೆಲಸ ಪೂರ್ತಿಯಾದಾಗ ಮಾಘಮಾಸ ಬಂದಿತ್ತು. ಮೋಡವಿಲ್ಲದ ಒಂದು ಸಂಜೆ ಹುಡುಗನನ್ನು ಕರೆದುಕೊಂಡು ಅದೇ ದಾರಿಯ ಬಾಯಿಗೆ ಹೋದೆ. ಕಾರನ್ನು ಅಂದಿನಂತೆಯೇ ನಿಲ್ಲಿಸಿದೆ. “ನೀನು ಹಿಂದಕ್ಕೆ ಹೋಗಿ ರಸ್ತೆಯ ಅಂಚಿನಲ್ಲಿ ನಿಲ್ಲು. ಕಾಣುತ್ತದೆಯೆ ಎಂದು ನಾನು ಕೇಳುವುದಿಲ್ಲ. ಯಾವ ಬದಿಯ ದೀಪ ಹಾಕುತ್ತೇನೆಂದು ಹೇಳುವುದೂ ಇಲ್ಲ. ಎಡದ್ದು ಕಂಡರೆ ಎಡಗೈ ಎತ್ತು, ಬಲದ್ದು ಕಂಡರೆ ಬಲಗೈ. ಏನೂ ಕಾಣದಿದ್ದರೆ ಸುಮ್ಮನೆ ನಿಂತಿರು, ನನ್ನ ಸಂತೋಷಕ್ಕಾಗಿ ಎತ್ತಬೇಡ” ಎಂದೆ.

ಅವನು ನೂರು ಹೆಜ್ಜೆ ಎಣಿಸಿ ನಿಂತ. ನಾನು ಕನ್ನಡಿಯಲ್ಲಿ ಅವನನ್ನು ನೋಡುತ್ತ ಎಡದ ದೀಪ ಹಾಕಿದೆ. ಎಡಗೈ ಮೇಲೆದ್ದಿತು. ಆರಿಸಿದೆ, ಕೈ ಇಳಿಯಿತು. ಸ್ವಲ್ಪ ಹೊತ್ತು ಏನನ್ನೂ ಹಾಕದೆ ಕಾದೆ. ಹುಡುಗ ಕಣ್ಣಿಗೆ ಕೈ ಮರೆಮಾಡಿಕೊಂಡು ಸುಮ್ಮನೆ ನಿಂತಿದ್ದ. ಆಮೇಲೆ ಬಲದ್ದನ್ನು ಹಾಕಿದೆ. ಒಂದು ಟಿಕ್, ಎರಡು ಟಿಕ್. ಬಲಗೈ ನಿಧಾನವಾಗಿ, ಇನ್ನೂ ಪೂರ್ತಿ ನೆಟ್ಟಗಾಗದ ಮಣಿಕಟ್ಟಿನೊಡನೆ, ತಲೆಯ ಮೇಲಕ್ಕೆ ಹೋಯಿತು.

“ಸಾರ್, ಇನ್ನೂ ಐವತ್ತು ಹೆಜ್ಜೆ ಹಿಂದೆ ಹೋಗಲೆ?” ಎಂದು ಅವನು ಅಲ್ಲಿಂದಲೇ ಕೂಗಿ ಕೇಳಿದ.